ಮುಖವಿರುವ ಪ್ರತಿ

ಜೂನ್ 3, ಸೋಮವಾರ

ಈ ನೋಟ್‌ಪುಸ್ತಕ ನನ್ನದಲ್ಲ, ಮಗಳದು. ಮನಸ್ಸಿಗೆ ಬಂದದ್ದನ್ನು ಬರಿ, ಯಾರಿಗೂ ತೋರಿಸಬೇಡ ಎಂದು ಅವಳ ಡಾಕ್ಟರು ಹೇಳಿದ್ದರು. ನಾನೇ ಗಟ್ಟಿ ರಟ್ಟಿನದು, ದಪ್ಪ ಕಾಗದದ್ದು ಆರಿಸಿ ತಂದೆ. ಅವಳು ಅದರ ಮೇಲೆ ನೀರಿನ ಲೋಟ ಇಟ್ಟುಕೊಂಡಳು, ಅಷ್ಟೇ. ರಟ್ಟಿನ ಮೇಲೆ ಲೋಟದ ಗುರುತು ಉಂಗುರ ಉಂಗುರವಾಗಿ ಬಿದ್ದಿದೆ. ಇವತ್ತು ಹೆಂಡತಿ ಲೋಟ ಎತ್ತಿಟ್ಟು, “ಅವಳಂತೂ ಮುಟ್ಟಲ್ಲ. ನಿಮಗೂ ಒಳಗೊಳಗೇ ಕುದಿಯೋ ಚಾಳಿ. ನೀವೇ ಬರೀರಿ, ವೇಸ್ಟ್ ಯಾಕೆ?” ಎಂದು ನನ್ನ ಕೈಗಿಟ್ಟಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಯಾವುದನ್ನೂ ದಂಡ ಮಾಡಲು ಬಿಡುವುದಿಲ್ಲ.

ಆದರೆ ನಾನು ಬರೆಯುವವನಲ್ಲ, ಕತ್ತರಿಸುವವನು. ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತೇನೆ. ಆಕಳಿಸುವ ಮದುಮಗ, ಬಾಯಿ ತೆರೆದು ಅಗಿಯುವ ನೆಂಟರು, ಬೀಗರ ಜಗಳ, ಎಲ್ಲವನ್ನೂ ತೆಗೆದು ಹಾಕಿ, ಇಂಥ ಮದುವೆ ಭೂಮಿ ಮೇಲೆ ಆಗಿಯೇ ಇಲ್ಲ ಅನ್ನುವ ಹಾಗೆ ಮಾಡಿಕೊಡುತ್ತೇನೆ. ತೆಗೆಯಲಾಗದ್ದನ್ನು ಬ್ಲರ್ ಮಾಡುತ್ತೇನೆ, ಅಂದರೆ ಮುಖದ ಮೇಲೆ ಮಸುಕು ಹಾಕುವುದು. ನನ್ನ ಬ್ಲರ್ ಈ ಪೇಟೆಯಲ್ಲಿ ಹೆಸರುವಾಸಿ. ಕುಡಿದು ಬಂದ ಸೋದರಮಾವನ ಮುಖಕ್ಕೆ ದುಂಡಗೆ, ಮೆತ್ತಗೆ, ಅಂಚು ಗೊತ್ತಾಗದಂತೆ ಹಾಕಿದರೆ ಮಾವ ಬಂದಿದ್ದ ಅನ್ನುವುದೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ವಿಷಯಕ್ಕೆ ಬರುತ್ತೇನೆ. ಮಗಳಿಗೆ ಹದಿನಾರು. ಚಿಕ್ಕಂದಿನಿಂದ ನಾನು ಅವಳನ್ನು ಕರೆದದ್ದೇ ರೇಡಿಯೋ ಎಂದು. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದರೆ ರಾತ್ರಿ ನಿದ್ದೆಯೇ ಸ್ವಿಚ್ಚು ಆರಿಸಬೇಕು. ಆ ರೇಡಿಯೋ ನಿಂತುಹೋಗಿದೆ. ಬೇಸಿಗೆ ರಜೆಗೆ ಮುಂಚೆಯೇ ಶಾಲೆ ಬಿಟ್ಟವಳು, ಈಗ ಶಾಲೆ ತೆರೆದರೂ ಹೋಗುತ್ತಿಲ್ಲ. ಮಲಗಿರುತ್ತಾಳೆ, ಇಲ್ಲವೇ ಗೋಡೆ ನೋಡುತ್ತಾಳೆ. ಡಾಕ್ಟರು ಖಿನ್ನತೆ ಎಂದರು. ಮಾತ್ರೆ ಬರೆದುಕೊಟ್ಟು, ಯಾವ ಕಾರಣಕ್ಕೂ ನಡುವೆ ನಿಲ್ಲಿಸಬಾರದು ಎಂದು ಒತ್ತಿ ಒತ್ತಿ ಹೇಳಿದರು.

ನಾವು ಎಲ್ಲರಿಗೂ ಥೈರಾಯ್ಡ್ ಎಂದು ಹೇಳಿದ್ದೇವೆ. ಇದು ನನ್ನದೇ ಉಪಾಯ. ಥೈರಾಯ್ಡ್ ಮರ್ಯಾದಸ್ಥ ಕಾಯಿಲೆ. ಸುಸ್ತಿಗೂ ಹೊಂದುತ್ತದೆ, ನಿದ್ದೆಗೂ ಹೊಂದುತ್ತದೆ, ನಾಳೆ ಮದುವೆ ಮಾತು ಬಂದಾಗ ಯಾರೂ ಎದ್ದು ಹೋಗುವುದಿಲ್ಲ. ಮಾತ್ರೆಯನ್ನು ಪೇಟೆಯ ಆ ತುದಿಯ ಔಷಧಿ ಅಂಗಡಿಯಿಂದ ತರುತ್ತೇನೆ. ನಮ್ಮ ಬೀದಿ ತುದಿಯಲ್ಲೇ ಅಂಗಡಿ ಇದೆ, ಆದರೆ ಅಂಗಡಿಯವನಿಗೆ ಕಣ್ಣು ಎರಡಾದರೂ ನಾಲಿಗೆ ಹತ್ತು.

ಇದರ ಜೊತೆಗೆ ನೀರಿನ ಕಾಟ. ಬೆಳಿಗ್ಗೆ ತುಂಬಿಸಿದ ಟ್ಯಾಂಕ್ ಸಂಜೆಗೆ ಖಾಲಿ. ಎಲ್ಲೋ ಸೋರುತ್ತಿದೆ.

ಜೂನ್ 5, ಬುಧವಾರ

ವಿಧಿಗೆ ತಮಾಷೆ ಮಾಡುವುದು ಗೊತ್ತು. ಮದುವೆ ಕಾಲ ಮುಗಿದು ನೊಣ ಹೊಡೆಯುತ್ತ ಕೂತಿದ್ದಾಗ ಜೆರಾಕ್ಸ್ ಅಂಗಡಿಯ ಮೇಲಿನ ನನ್ನ ಕೋಣೆಗೆ ಒಬ್ಬ ಡಾಕ್ಟರಮ್ಮ ಬಂದರು. ಮಗಳ ಡಾಕ್ಟರಲ್ಲ, ಬೇರೆ ಆಸ್ಪತ್ರೆಯವರು. ಹೈಸ್ಕೂಲು ಮಕ್ಕಳಿಗೆ ತೋರಿಸಲು ವಿಡಿಯೋ ಬೇಕಂತೆ. ವಿಷಯ ಏನು ಮೇಡಂ ಎಂದೆ. “ಹದಿಹರೆಯದವರಲ್ಲಿ ಖಿನ್ನತೆ. ಅದರ ಬಗ್ಗೆ ಇರೋ ನಾಚಿಕೆ ಹೋಗ್ಬೇಕು ಸರ್, ಅದೇ ನಮ್ಮ ಉದ್ದೇಶ,” ಎಂದರು.

ನನ್ನ ಮುಖ ಏನಾಯಿತೋ. “ಒಳ್ಳೇ ಕೆಲಸ ಮೇಡಂ, ಈಗಿನ ಮಕ್ಕಳಿಗೆ ಬೇಕೇ ಬೇಕು,” ಎಂದೆ. ನಮ್ಮ ಮನೆಯ ವಿಷಯ ಹೇಳಲಿಲ್ಲ. ಯಾಕೆ ಹೇಳಬೇಕು? ಕೆಲಸ ಬೇರೆ, ಮನೆ ಬೇರೆ.

ಜೂನ್ 9, ಭಾನುವಾರ

ಅಕ್ಕನ ಫೋನು. ಅಕ್ಕನಿಗೆ ಬಲಗಿವಿ ಕೇಳಿಸದು. ಆದ್ದರಿಂದ ಪ್ರಪಂಚವೇ ಕಿವುಡು ಎಂದು ತಿಳಿದು ಕಿರುಚಿ ಮಾತಾಡುತ್ತಾಳೆ. ಫೋನನ್ನು ಮೇಜಿನ ಮೇಲಿಟ್ಟರೂ ಮೂರು ಕೋಣೆಗೆ ಕೇಳುತ್ತದೆ.

“ಲೋ ತಮ್ಮಾ, ಹುಡುಗಿಗೆ ಎಲೆಕೋಸು ಕೊಡಬೇಡ್ವೋ! ಥೈರಾಯ್ಡ್‌ಗೆ ಅದು ವಿಷ! ಹೂಕೋಸೂ ಬೇಡ!”

“ಆಯ್ತಕ್ಕ.”

“ನಮ್ಮ ಪಕ್ಕದ ಮನೆಯವಳು ಒಂದು ಪುಡಿ ಹೇಳಿದಾಳೆ. ಮಾಡಿಸ್ಕೊಂಡು ನಾನೇ ಬರ್ತೀನಿ!”

ಸುಳ್ಳಿಗೆ ಹೊಟ್ಟೆ ದೊಡ್ಡದು, ಹಾಕಿದಷ್ಟೂ ಬೇಕು ಅನ್ನುತ್ತದೆ. ಕೆಳಮನೆಯ ಹೆಂಗಸಿಗೆ ನಿಜವಾಗಿಯೂ ಥೈರಾಯ್ಡ್ ಇದೆ. ಮೊನ್ನೆ ಮೆಟ್ಟಿಲ ಮೇಲೆ ಹಿಡಿದುಕೊಂಡು, ನಿಮ್ಮ ಮಗಳಿಗೆ ಎಷ್ಟು ಪವರಿನ ಮಾತ್ರೆ ಎಂದು ಕೇಳಿದರು. ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿದೆ. “ಅಯ್ಯೋ, ಅಷ್ಟೊಂದಾ!” ಎಂದು ಎದೆ ಮುಟ್ಟಿಕೊಂಡರು. ಅಂದಿನಿಂದ ನಮ್ಮ ಮನೆ ಎಲೆಕೋಸಿನ ಮೇಲೂ ಅವರ ಕಣ್ಣು.

ಪ್ಲಂಬರ್ ಬಂದಿದ್ದ. ಪೈಪು ತಟ್ಟಿ, ಟ್ಯಾಂಕಿನೊಳಗೆ ಇಣುಕಿ, “ಸೋರಿಕೆ ಎಲ್ಲೂ ಇಲ್ಲ ಸಾರ್, ನೀವೇ ಖರ್ಚು ಮಾಡ್ತಿದೀರ,” ಎಂದು ಹೋದ. ಮೂರು ಜನ ಏನು ಆನೆ ತೊಳೆಯುತ್ತೇವಾ? ಮಗಳು ಬಚ್ಚಲಿಗೆ ಹೋದರೆ ಬೇಗ ಹೊರಗೆ ಬರುವುದಿಲ್ಲ, ಅದು ನಿಜ. ಬಾಗಿಲು ಬಡಿದು “ನೀರು ನಿಲ್ಸು” ಎಂದು ಕೂಗುವುದು ನನ್ನ ದಿನನಿತ್ಯದ ಕೆಲಸವಾಗಿದೆ.

ಜೂನ್ 12, ಬುಧವಾರ

ಡಾಕ್ಟರಮ್ಮ ಚಿತ್ರೀಕರಣ ಮಾಡಿಸಿ ಕಳಿಸಿದ್ದನ್ನು ನೋಡುತ್ತಿದ್ದೇನೆ. ಬಹುಪಾಲು ಒಬ್ಬಳೇ ಹುಡುಗಿ. ಈಗ ಕಾಲೇಜಿನಲ್ಲಿದ್ದಾಳೆ, ಶಾಲೆಯಲ್ಲಿದ್ದಾಗ ಕಾಯಿಲೆ ಬಂದಿತ್ತಂತೆ. ಕೆಂಪು ಸ್ವೆಟರ್ ಹಾಕಿಕೊಂಡು ಕುರ್ಚಿಯ ಮೇಲೆ ನೆಟ್ಟಗೆ ಕೂತು ಹೇಳುತ್ತಾಳೆ: “ಹಲ್ಲುಜ್ಜೋ ಬ್ರಷ್ ಎತ್ತೋಕೂ ಆಗ್ತಿರ್ಲಿಲ್ಲ. ಎಲ್ರೂ ಸೋಮಾರಿ ಅಂದ್ರು. ನಾನೂ ಹಾಗೇ ಅಂದ್ಕೊಂಡೆ.” ಆಮೇಲೆ ಸುಮ್ಮನಾಗುತ್ತಾಳೆ. ಎಷ್ಟು ಹೊತ್ತು! ಕಣ್ಣು ಕೆಳಗೆ ಹಾಕಿ, ಸ್ವೆಟರಿನ ತೋಳನ್ನು ಎಳೆದುಕೊಳ್ಳುತ್ತಾಳೆ. ಆಮೇಲೆ ಮುಂದಿನ ಮಾತು.

ಸುಮ್ಮನಿದ್ದುದನ್ನೆಲ್ಲ ಕತ್ತರಿಸಿ ಮಾತಿಗೆ ಮಾತು ಜೋಡಿಸಿದೆ. ಸುದ್ದಿ ಓದುವವಳ ಹಾಗೆ ಚುರುಕಾಯಿತು. ನಡುನಡುವೆ ನನ್ನ ಭಂಡಾರದಿಂದ ಮಾಮೂಲಿ ಶಾಟುಗಳನ್ನು ಹಾಕಿದೆ: ಕಿಟಕಿ ಪಕ್ಕ ಮೊಣಕಾಲು ತಬ್ಬಿ ಕೂತ ಹುಡುಗಿ, ಗಾಜಿನ ಮೇಲೆ ಮಳೆ ಹನಿ, ಗೋಡೆಯ ಮೇಲೆ ನೆರಳು. ಸಂಜೆ ಡಾಕ್ಟರಮ್ಮ ಬಂದು ನೋಡಿದರು.

“ಸರ್, ಆ ಹುಡುಗಿ ಸುಮ್ಮನಿದ್ದದ್ದು ಎಲ್ಲಿ?”

“ತೆಗೆದೆ ಮೇಡಂ. ಬೋರ್ ಆಗುತ್ತೆ.”

“ವಾಪಸ್ ಹಾಕಿ. ಅವಳು ಹೇಳ್ತಿರೋದೇ ಅಲ್ಲಿ.”

ದೊಡ್ಡವರಿಗೆ ಎದುರಾಡಬಾರದು. ಒಂದೊಂದೇ ಹುಡುಕಿ ವಾಪಸ್ ಹಾಕಿದೆ. ಅಷ್ಟು ಸಲ ನೋಡಿದ ಮೇಲೆ ಯಾವಾಗ ಅವಳು ಬಾಯಿ ತೆರೆಯುತ್ತಾಳೆ ಎಂದು ನನಗೇ ಮೊದಲು ಗೊತ್ತಾಗತೊಡಗಿತು. ತೋಳು ಎಳೆದುಕೊಳ್ಳುವುದು ಬಿಟ್ಟ ಕೂಡಲೇ ಮಾತು ಬರುತ್ತದೆ.

ಜೂನ್ 14, ಶುಕ್ರವಾರ

ಡಾಕ್ಟರಮ್ಮ ಒಪ್ಪಿದರು. ಮುಖ ತೋರಿಸಲು ಹುಡುಗಿಯೂ ಅವಳ ತಾಯಿಯೂ ಸಹಿ ಹಾಕಿ ಒಪ್ಪಿಗೆ ಕೊಟ್ಟಿದ್ದಾರೆ, ಇದೇ ಪ್ರತಿಯನ್ನು ಶಾಲೆಗಳಿಗೆ ಕಳಿಸಿಬಿಡಿ ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಪರದೆಯ ಮುಂದೆ ಸುಮಾರು ಹೊತ್ತು ಕೂತಿದ್ದೆ. ಎಷ್ಟು ಪುಟ್ಟ ಮುಖ. ಗಲ್ಲದ ಮೇಲೆ ಮೊಡವೆ ಇನ್ನೂ ಹೋಗಿಲ್ಲ. ಈ ಮಗು ನಾಳೆ ಕೆಲಸಕ್ಕೆ ಹೋಗಬೇಕು, ಮದುವೆಯಾಗಬೇಕು. ಸಾವಿರಾರು ಮಕ್ಕಳು ನೋಡುತ್ತಾರೆ, ಅವರ ಮನೆಯವರಿಗೆ ಸುದ್ದಿ ಹೋಗುತ್ತದೆ. ಸಹಿ ಹಾಕಿದ ತಾಯಿಗೆ ಬುದ್ಧಿ ಬೇಡವೇ? ನನ್ನ ಮಗಳಾಗಿದ್ದರೆ ಬಿಡುತ್ತಿದ್ದೆನಾ?

ಹಾಕಿದೆ. ನನ್ನ ಜೀವಮಾನದ ಅತ್ಯುತ್ತಮ ಬ್ಲರ್. ಕೆಂಪು ಸ್ವೆಟರಿಗೆ ತಾಗದ ಹಾಗೆ, ಅವಳು ತಲೆ ತಿರುಗಿಸಿದರೆ ಅದೂ ತಿರುಗುವ ಹಾಗೆ. ಗುರುತು ಸಿಗದಿರಲಿ ಎಂದು ದನಿಯನ್ನೂ ದಪ್ಪ ಮಾಡಿದೆ. ಶಾಲೆಗಳಿಗೆ ಆ ಪ್ರತಿಯನ್ನೇ ಕಳಿಸಿದೆ. ಮುಖವಿರುವ ಪ್ರತಿ ನನ್ನ ಹತ್ತಿರ ಭದ್ರವಾಗಿದೆ. ಯಾರಿಗೂ ಹೇಳಿಲ್ಲ, ಹೇಳಿಕೊಳ್ಳುವಂಥದ್ದೂ ಅಲ್ಲ. ಹೆತ್ತವರು ಮಾಡಬೇಕಾದ್ದನ್ನು ಎಡಿಟರ್ ಮಾಡಿದ, ಅಷ್ಟೇ. ಇವತ್ತು ಚೆನ್ನಾಗಿ ನಿದ್ದೆ ಬರುತ್ತದೆ.

ಜೂನ್ 16, ಭಾನುವಾರ

ಊಟಕ್ಕೆ ಕೂತಾಗ ಮಗಳನ್ನು “ಏನಾದ್ರೂ ಬೇಕಾ?” ಎಂದು ಕೇಳಿದೆ. ಉತ್ತರವಿಲ್ಲ. ಯಾವಾಗಲೂ ನಾನೇ “ಬೇಡ್ವಾ? ಸರಿ” ಎಂದುಬಿಡುತ್ತಿದ್ದೆ. ಇವತ್ತು ಇವಳೂ ಅಂಗಿಯ ತೋಳು ಎಳೆದುಕೊಳ್ಳುವುದು ಕಂಡು, ಯಾಕೋ ಸುಮ್ಮನೆ ಅದನ್ನೇ ನೋಡುತ್ತ ಕೂತೆ. ಹೆಂಡತಿ ಏನೋ ಹೇಳಹೋದಳು, ಕಣ್ಣಲ್ಲೇ ತಡೆದೆ. ಆಮೇಲೆ ಮಗಳು, “ಉಪ್ಪು,” ಎಂದಳು.

ಉಪ್ಪು ನಿಜವಾಗಿಯೂ ಕಡಿಮೆ ಇತ್ತು. ನಾಲಿಗೆ ಕೆಟ್ಟಿಲ್ಲ, ಒಳ್ಳೆಯದು.

ಜೂನ್ 18, ಮಂಗಳವಾರ

ಮಗಳು ಶಾಲೆಗೆ ಹೋದಳು! ಅರ್ಧ ದಿನ. ಅವಳೇ ಸಮವಸ್ತ್ರ ಹುಡುಕಿಕೊಂಡಳು, ಸೊಂಟಕ್ಕೆ ಸಡಿಲವಾಗಿದೆ. ಹೆಂಡತಿ ಕಚೇರಿಗೆ ತಡವಾಗಿ ಹೋದಳು, ಬಚ್ಚಲಲ್ಲಿ ಅತ್ತು ಮುಖ ತೊಳೆದುಕೊಂಡಳು. ನಾನು ಅಳಲಿಲ್ಲ. ಬೈಕಿನಲ್ಲಿ ವಾಪಸ್ ಬರುವಾಗ ಕಣ್ಣಿಗೆ ಧೂಳು ಬಿತ್ತು, ಅಷ್ಟೇ.

ಜೂನ್ 24, ಸೋಮವಾರ

ನಿದ್ದೆ ಬರುತ್ತಿಲ್ಲ, ಎದ್ದು ಬರೆಯುತ್ತಿದ್ದೇನೆ.

ಇವತ್ತು ಮಗಳ ಶಾಲೆಯಲ್ಲಿ ಆ ವಿಡಿಯೋ ತೋರಿಸಿದರು. ತೋರಿಸುತ್ತಾರೆಂದು ನನಗೆ ಗೊತ್ತಿತ್ತು. ಅವಳೂ ನೋಡಲಿ, ತನ್ನಂತೆ ಇನ್ನೊಬ್ಬಳಿದ್ದಾಳೆ ಎಂದು ಸಮಾಧಾನವಾಗಲಿ ಎಂದೇ ಎಣಿಸಿದ್ದೆ. ಸಂಜೆ ಬಂದವಳು ಚಪ್ಪಲಿ ಬಿಚ್ಚದೆ ನನ್ನೆದುರು ನಿಂತಳು.

“ಆ ವಿಡಿಯೋ ನೀನು ಮಾಡಿದ್ದಾ?”

ಎಷ್ಟೋ ದಿನದ ಮೇಲೆ ಅವಳಾಗಿ ಕೇಳಿದ ಪ್ರಶ್ನೆ. ನಾನು ಉಬ್ಬಿಹೋದೆ. “ಹೌದಮ್ಮ. ನಿಂಗೆ ಹೇಗೆ ಗೊತ್ತಾಯ್ತು?”

“ಬ್ಲರ್ ನೋಡಿ. ಕುಡಿದ ಮಾವಂದಿರಿಗೆ ಹಾಕ್ತೀಯಲ್ಲ, ಅದೇ.”

ನಗುತ್ತಾಳೇನೋ ಅಂದುಕೊಂಡೆ. ನಗಲಿಲ್ಲ. “ಎಲ್ರೂ ನಕ್ರು ಅಪ್ಪ. ಏನು ಕೊಲೆ ಮಾಡಿದಾಳಾ, ಮುಖ ಮುಚ್ಚಿದಾರೆ ಅಂದ್ರು. ಊಟದ ಹೊತ್ತಲ್ಲಿ ಹುಡುಗರು ಮುಖಕ್ಕೆ ಕರ್ಚೀಫ್ ಕಟ್ಕೊಂಡು, ದಪ್ಪ ದನೀಲಿ ‘ನಂಗೆ ಖಿನ್ನತೆ, ನಂಗೆ ಖಿನ್ನತೆ’ ಅಂತ ಆಟ ಆಡ್ತಿದ್ರು.”

“ನಿಂಗೇನಾದ್ರೂ ಅಂದ್ರಾ?”

“ನಂಗ್ಯಾಕೆ ಅಂತಾರೆ? ನಂಗೆ ಥೈರಾಯ್ಡ್ ಅಲ್ವಾ.”

ಅವಳು ತೋಳು ಎಳೆದುಕೊಂಡಳು, ಬಿಟ್ಟಳು.

“ನಂಗೂ ಅದೇ ಬ್ಲರ್ ಹಾಕಿದೀಯ ಅಪ್ಪ. ನಾನೇನು ತಪ್ಪು ಮಾಡ್ದೆ?”

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜೂನ್ 25, ಮಂಗಳವಾರ

ಶಾಲೆಗೆ ಹೋಗಲಿಲ್ಲ. ಮಾತ್ರೆ ತೆಗೆದುಕೊಳ್ಳಲಿಲ್ಲ. ಹೆಂಡತಿ ಲೋಟ ಹಿಡಿದು ನಿಂತರೆ, “ಥೈರಾಯ್ಡ್‌ಗೆ ಈ ಮಾತ್ರೆ ಅಲ್ಲಮ್ಮ,” ಎಂದು ಗೋಡೆಯ ಕಡೆ ತಿರುಗಿದಳು. ಹಟವಿಲ್ಲ, ಸಿಟ್ಟೂ ಇಲ್ಲ, ಬಸ್ಸಿನಲ್ಲಿ ಕಂಡಕ್ಟರ್ ನಿಲ್ದಾಣದ ಹೆಸರು ಹೇಳುವ ಹಾಗೆ ಹೇಳಿದಳು.

ಹೆಂಡತಿ ಅಡುಗೆಮನೆಗೆ ಬಂದು ನನ್ನನ್ನು ಹಿಡಿದುಕೊಂಡಳು. “ಥೈರಾಯ್ಡ್ ಅಂತ ಶುರು ಮಾಡಿದ್ದು ಯಾರು?”

“ನೀನೂ ಒಪ್ಪಿದ್ದೆ.”

“ಒಪ್ಪಿದ್ದೆ. ಅದಕ್ಕೇ ಅವಳ ಮುಖ ನೋಡೋಕಾಗ್ತಿಲ್ಲ ನಂಗೆ.”

ಇಬ್ಬರೂ ಊಟ ಮಾಡಲಿಲ್ಲ.

ಜೂನ್ 26, ಬುಧವಾರ

ಡಾಕ್ಟರಮ್ಮ ಬೆಂಕಿಯಾಗಿ ಬಂದರು. ಬೇರೊಂದು ಶಾಲೆಯಲ್ಲಿ ಅವರೇ ಕೂತು ನೋಡಿದರಂತೆ. “ಯಾರನ್ನ ಕೇಳಿ ಹಾಕಿದ್ರಿ? ನಾಚಿಕೆ ಹೋಗ್ಲಿ ಅಂತ ವಿಡಿಯೋ ಮಾಡಿದ್ರೆ, ನಾಚಿಕೆ ಹೇಗೆ ಪಡಬೇಕು ಅಂತ ಕಲಿಸಿದ್ದೀರಲ್ಲ!” ಹಿಂದೆಯೇ ಮೆಟ್ಟಿಲು ಹತ್ತಿ ಒಬ್ಬ ಹುಡುಗಿ ಬಂದಳು. ಸ್ವೆಟರ್ ಇರಲಿಲ್ಲ. ಆದರೂ ಕತ್ತಲಲ್ಲಿ ಕಂಡರೂ ಗುರುತಿಸುತ್ತಿದ್ದೆ. ಈ ಮುಖವನ್ನು ನಾನು ನನ್ನ ಮಗಳ ಮುಖಕ್ಕಿಂತ ಹೆಚ್ಚು ಹೊತ್ತು ನೋಡಿದ್ದೇನೆ. ಇದನ್ನು ಬರೆಯುವಾಗ ನನಗೇ ಹೇಗೋ ಆಯಿತು.

ಅವಳು ಬೈಯಲಿಲ್ಲ. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು, “ತೋರ್ಸಿ ಅಂಕಲ್,” ಎಂದಳು. ತೋರಿಸಿದೆ. ತನ್ನ ಮುಖವಿರಬೇಕಾದ ಕಡೆ ದುಂಡಗಿನ ಮಸುಕು, ಅದರೊಳಗಿಂದ ಯಾವನೋ ಗಂಡಸಿನ ದನಿ. ಪೂರ್ತಿ ನೋಡಿದಳು.

“ನಿನ್ನ ಒಳ್ಳೇದಕ್ಕೇ ಮಾಡಿದೆ ಮಗಳೇ,” ಎಂದೆ.

“ಗೊತ್ತು ಅಂಕಲ್. ಎಲ್ರೂ ಅದಕ್ಕೇ ಮಾಡೋದು.” ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. “ಆ ವರ್ಷ ಫೋನಲ್ಲಿ ಇಂಥ ವಿಡಿಯೋ ತುಂಬ ನೋಡ್ತಿದ್ದೆ. ಎಲ್ಲಾದ್ರಲ್ಲೂ ಬೆನ್ನು, ನೆರಳು, ಮಸುಕು. ವಾಸಿಯಾದವರಿಗೆ ಮುಖಾನೇ ಇರಲ್ಲ ಅಂದ್ಕೊಂಡೆ. ಒಂದು ಮುಖ ನೋಡಿದ್ರೆ ಸಾಕಿತ್ತು ನಂಗೆ. ಅದಕ್ಕೇ ಆ ಕೆಂಪು ಸ್ವೆಟರ್ ಹಾಕ್ಕೊಂಡಿದ್ದು, ಎದ್ದು ಕಾಣ್ಲಿ ಅಂತ.”

ಅಷ್ಟರಲ್ಲಿ ಪರದೆಯ ಮೇಲೆ ನನ್ನ ಕಿಟಕಿ ಶಾಟು ಬಂತು. ಅವಳಿಗೆ ನಗು ಬಂತು. “ಇದ್ಯಾಕೆ ಅಂಕಲ್? ನಾನು ಒಂದಿನಾನೂ ಕಿಟಕಿ ಹತ್ರ ಕೂತಿಲ್ಲ. ಕಿಟಕಿ ಹತ್ರ ಕೂತ್ರೆ ಬೀದಿಯವರು ನೋಡ್ತಾರಲ್ಲ. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಕೂರ್ತಿದ್ದೆ. ಅತ್ರೆ ಹೊರಗೆ ಕೇಳ್ಸಲ್ಲ.”

ಏನಾದರೂ ಹೇಳಬೇಕಲ್ಲ ಎಂದು, “ನಮ್ಮನೇಲಿ ಟ್ಯಾಂಕ್ ಸೋರ್ತಿದೆ,” ಎಂದೆ. ಯಾಕೆ ಹಾಗೆಂದೆನೋ ದೇವರಿಗೇ ಗೊತ್ತು. ಡಾಕ್ಟರಮ್ಮ ಬೈಯುವುದು ನಿಲ್ಲಿಸಿ ನನ್ನನ್ನೇ ನೋಡಿದರು.

ಹುಡುಗಿ ಮೆಲ್ಲಗೆ, “ನಮ್ಮಮ್ಮನೂ ಪ್ಲಂಬರ್ ಕರೆಸಿದ್ರು ಅಂಕಲ್,” ಎಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಪೈಪಿಗೆ ಬರೆ ಹಾಕಿಸಿದೆ. ಮಗಳು ಒಳಗೆ ಅಳುತ್ತಿರುವಾಗ ಬಾಗಿಲು ಬಡಿದು ನೀರು ನಿಲ್ಲಿಸು ಎಂದು ಕೂಗಿದೆ. ಅಪ್ಪ ಅನ್ನುವ ಪ್ರಾಣಿ ನಾನು.

ಅವರ ಎದುರಿಗೇ ಬ್ಲರ್ ತೆಗೆದೆ, ದನಿ ಸರಿ ಮಾಡಿದೆ, ಕಿಟಕಿ ಶಾಟು ತೆಗೆದೆ. ಹಾಕಲು ಒಂದು ಸಂಜೆ ಹಿಡಿದಿತ್ತು, ತೆಗೆಯಲು ಒಂದು ಗುಂಡಿ ಒತ್ತಿದರೆ ಸಾಕಾಯಿತು. ಮುಖವಿರುವ ಪ್ರತಿಯನ್ನೇ ಎಲ್ಲ ಶಾಲೆಗಳಲ್ಲೂ ಮತ್ತೆ ತೋರಿಸುತ್ತಾರಂತೆ.

ಜೂನ್ 28, ಶುಕ್ರವಾರ

ಇವತ್ತೂ ಮಾತ್ರೆ ಇಲ್ಲ. ಅವಳ ಡಾಕ್ಟರಿಗೆ ಫೋನ್ ಮಾಡಿದೆ. ಒಬ್ಬಳನ್ನೇ ಬಿಡಬೇಡಿ, ಹೇಗಾದರೂ ಮಾಡಿ ಸೋಮವಾರ ಕರೆದುಕೊಂಡು ಬನ್ನಿ, ಅದಕ್ಕೂ ಮೊದಲು ಏನಾದರೂ ಅನ್ನಿಸಿದರೆ ತಕ್ಷಣ ಬನ್ನಿ ಎಂದರು. ಹೆಂಡತಿ ರಜೆ ಹಾಕಿದ್ದಾಳೆ.

ಮಧ್ಯಾಹ್ನ ಬಚ್ಚಲಲ್ಲಿ ನಲ್ಲಿ ಸದ್ದು ಶುರುವಾಯಿತು. ಬಾಗಿಲು ಬಡಿಯಲಿಲ್ಲ. “ನಾನು ಇಲ್ಲೇ ಇದೀನಿ,” ಎಂದು ಹೇಳಿ, ಹೊರಗೆ ನೆಲದ ಮೇಲೆ ಬಾಗಿಲಿಗೆ ಒರಗಿ ಕೂತೆ. ಅಂಗಿಯ ಬೆನ್ನು ತೇವವಾಯಿತು. ಟ್ಯಾಂಕ್ ಖಾಲಿಯಾಗುವವರೆಗೆ ಕೂತಿದ್ದೆ.

ಭಯವಾಗುತ್ತಿದೆ. ಇದಕ್ಕಿಂತ ಹೆಚ್ಚು ಬರೆಯಲು ಗೊತ್ತಿಲ್ಲ.

ಜೂನ್ 30, ಭಾನುವಾರ

ಹೇಳದೆ ಕೇಳದೆ ಅಕ್ಕ ಬಂದಿಳಿದಳು. ಕೈಯಲ್ಲಿ ಥೈರಾಯ್ಡ್ ಪುಡಿಯ ಡಬ್ಬಿ. ಮೆಟ್ಟಿಲ ಮೇಲೆ ಕೆಳಮನೆಯವರು ಸಿಕ್ಕರಂತೆ, ಅವರನ್ನೂ ಮಾತಾಡಿಸುತ್ತ ಮೇಲೆ ಕರೆತಂದಿದ್ದಳು. ಅವರು ಒಳಗೂ ಬಾರದೆ ಹೊರಗೂ ಹೋಗದೆ ಬಾಗಿಲಲ್ಲಿ ನಿಂತರು. ಮಗಳು ಬಚ್ಚಲಲ್ಲಿದ್ದಳು. ನಲ್ಲಿ ಸುರಿಯುತ್ತಿತ್ತು.

“ಎಲ್ಲೋ ಹುಡುಗಿ? ದಿನಾ ಎರಡು ಚಮಚ, ಬಿಸಿನೀರಲ್ಲಿ! ಮಂಡಲ ಕಳೆಯೋದ್ರೊಳಗೆ ಥೈರಾಯ್ಡ್ ಓಡಿಹೋಗುತ್ತೆ!” ಎಂದು ಅಕ್ಕ ಕಿರುಚಿದಳು. ಹೆಂಡತಿ ನನ್ನ ಮುಖ ನೋಡಿದಳು. ನಾನು ಡಬ್ಬಿ ನೋಡಿದೆ. ಮುಚ್ಚಳಕ್ಕೆ ಅಕ್ಕ ಬಟ್ಟೆ ಕಟ್ಟಿ, ದಾರ ಸುತ್ತಿ, ಪುಡಿ ಚೆಲ್ಲದ ಹಾಗೆ ಅಷ್ಟು ದೂರ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಾಳೆ. ಪಾಪ, ಇಲ್ಲದ ಕಾಯಿಲೆಗೆ.

“ಅಕ್ಕ, ಅವಳಿಗೆ ಥೈರಾಯ್ಡ್ ಇಲ್ಲ,” ಎಂದೆ.

“ಏನು?”

“ಥೈರಾಯ್ಡ್ ಅಲ್ಲಕ್ಕ. ಖಿನ್ನತೆ.”

“ಜೋರಾಗಿ ಹೇಳೋ, ಗೊಣಗ್ತೀಯಲ್ಲ!”

ಯಾವ ಮಾತನ್ನು ಗೋಡೆಗೂ ಕೇಳಿಸಬಾರದು ಎಂದು ಇಷ್ಟು ದಿನ ಕಾದಿದ್ದೆನೋ, ಅದನ್ನು ಕೂಗಬೇಕಾಯಿತು. ಕೂಗಿದೆ. “ಅವಳಿಗೆ ಡಿಪ್ರೆಶನ್ ಅಕ್ಕ! ಮನಸ್ಸಿನ ಕಾಯಿಲೆ! ಮನಸ್ಸಿನ ಡಾಕ್ಟರ ಹತ್ರ ತೋರಿಸ್ತಿದೀವಿ! ಮಾತ್ರೆ ತಗೋಬೇಕು, ನಾನು ಮಾಡಿದ ಕೆಲಸಕ್ಕೆ ಬೇಜಾರಾಗಿ ತಗೋತಿಲ್ಲ! ಥೈರಾಯ್ಡ್ ಅಂತ ಎಲ್ರಿಗೂ ಸುಳ್ಳು ಹೇಳಿದ್ದು ನಾನು! ಅವಳು ಏನೂ ತಪ್ಪು ಮಾಡಿಲ್ಲ!” ಎದುರು ಮನೆಯ ಕಿಟಕಿ ತೆರೆದುಕೊಂಡಿತು.

ನಲ್ಲಿ ನಿಂತಿತು.

ಅಕ್ಕ ಸೋಫಾದ ಮೇಲೆ ಕುಸಿದಳು. “ಹುಚ್ಚಾ?”

“ಹುಚ್ಚಲ್ಲ.”

“ನಮ್ಮ ಮನೆತನದಲ್ಲಿ ಯಾರಿಗೂ ಇಲ್ವಲ್ಲೋ,” ಎಂದು ಹೆಂಡತಿಯ ಕಡೆ ಓರೆಯಾಗಿ ನೋಡಿದಳು. ಹೆಂಡತಿ ಕೌಂಟರಿನ ನೋಟ ಬೀರಿದಳು, ಅಕ್ಕ ಕಣ್ಣು ಡಬ್ಬಿಗೆ ಇಳಿಸಿದಳು. ಬಾಗಿಲಲ್ಲಿದ್ದ ಕೆಳಮನೆಯವರು, “ಹಾಗಾದ್ರೆ ಎಲೆಕೋಸು ತಿನ್ನಬಹುದು ಅಲ್ವಾ?” ಎಂದರು.

ಬಚ್ಚಲ ಬಾಗಿಲು ತೆರೆಯಿತು. ಮಗಳು ನಿಂತಿದ್ದಳು. ಕಣ್ಣು ಊದಿತ್ತು, ತೋಳು ಒದ್ದೆ. ಎಲ್ಲರೂ ಅವಳನ್ನೇ ನೋಡಿದರು. ಅವಳು ತೋಳು ಎಳೆದುಕೊಂಡಳು. ಯಾರೂ ಮಾತಾಡಬೇಡಿರಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಯಾರೂ ಮಾತಾಡಲಿಲ್ಲ, ಅಕ್ಕನೂ. ಅವಳು ತೋಳು ಬಿಟ್ಟಳು.

“ಅಪ್ಪ, ಎಡಗಡೆ ಕೂತ್ಕೊಂಡು ಹೇಳು. ಅತ್ತೆಗೆ ಬಲಗಿವಿ ಕೇಳ್ಸಲ್ಲ.”

ಮೊದಲು ನಕ್ಕದ್ದು ಅಕ್ಕ. ನಗುತ್ತಲೇ ಅತ್ತಳು. ಮಗಳು ನಗಲಿಲ್ಲ. ಅತ್ತೆಯ ಎಡಗಡೆ ಹೋಗಿ ಕೂತಳು. ಹೆಂಡತಿ ಮಾತಿಲ್ಲದೆ ಲೋಟ ತಂದಳು, ಅಂಗೈಯಲ್ಲಿ ಮಾತ್ರೆ ಹಿಡಿದಳು. ಮಗಳು ಅದನ್ನು ಸುಮಾರು ಹೊತ್ತು ನೋಡಿ ನುಂಗಿದಳು. ಲೋಟವನ್ನು ಈ ಪುಸ್ತಕದ ಮೇಲೇ ಇಟ್ಟಳು. ರಟ್ಟಿನ ಮೇಲೆ ಇನ್ನೊಂದು ಉಂಗುರ.

ಜುಲೈ 5, ಶುಕ್ರವಾರ

ಬರೆಯುವಂಥದ್ದು ಏನಿಲ್ಲ. ಮಗಳು ಸೋಮವಾರ ಡಾಕ್ಟರ ಹತ್ತಿರ ಬಂದಳು. ಶಾಲೆಗೆ ಇನ್ನೂ ಹೋಗುತ್ತಿಲ್ಲ, ಅವಸರ ಮಾಡಬೇಡಿ ಎಂದಿದ್ದಾರೆ. ಬುಧವಾರ ಇಡೀ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ನಿನ್ನೆ ಎದ್ದಳು. ಹೀಗೇ ಹಿಂದೆ ಮುಂದೆ.

ಡಾಕ್ಟರಮ್ಮನ ಫೋನು ಬಂದಿತ್ತು. ಮುಖವಿರುವ ಪ್ರತಿಯನ್ನು ಮಗಳ ಶಾಲೆಯಲ್ಲಿ ತೋರಿಸಿದಾಗಲೂ ಹಿಂದಿನ ಬೆಂಚಿನವರು ಶುರುವಿನಲ್ಲಿ ಕಿಸಕ್ಕೆಂದರಂತೆ. ಹುಡುಗಿ ಸುಮ್ಮನಾಗುವ ಕಡೆ ಅವರೂ ಸುಮ್ಮನಾದರಂತೆ. ಮುಗಿದ ಮೇಲೆ ಒಬ್ಬ ಹುಡುಗ ಉಳಿದುಕೊಂಡು, ಆ ಅಕ್ಕ ಈಗ ಚೆನ್ನಾಗಿದ್ದಾರಾ ಎಂದು ಮಾತ್ರ ಕೇಳಿ ಹೋದನಂತೆ. ಮಗಳಿಗೆ ಹೇಳಿದೆ. ಆಮೇಲೆ ನನ್ನ ಫೋನ್ ಇಸಿದುಕೊಂಡು ವಿಡಿಯೋ ಪೂರ್ತಿ ನೋಡಿದಳು. “ಮಳೆ ಹನಿ ಇನ್ನೂ ಇದೆ, ತೆಗಿ,” ಎಂದಳು. ಎಲ್ಲರೂ ನನಗೆ ಎಡಿಟಿಂಗ್ ಹೇಳಿಕೊಡುವವರೇ.

ಅಕ್ಕ ಪುಡಿಯ ಡಬ್ಬಿಯನ್ನು ಕೆಳಮನೆಯವರಿಗೆ ಕೊಟ್ಟು ಹೋಗಿದ್ದಾಳೆ.

ಮಾತ್ರೆ ಮುಗಿದಿತ್ತು. ಬೀದಿ ತುದಿಯ ಅಂಗಡಿಯಲ್ಲೇ ತಂದೆ. ಯಾರಿಗೆ ಎಂದ, ಮಗಳಿಗೆ ಎಂದೆ. ಅಷ್ಟು ದೂರ ಯಾರು ಹೋಗುತ್ತಾರೆ, ಸುಮ್ಮನೆ ಪೆಟ್ರೋಲ್ ದಂಡ.

ಮನೆಗೆ ಬಂದು ಅಭ್ಯಾಸಬಲದಿಂದ ಮೋಟರ್ ಹಾಕಿ, ಇದನ್ನು ಬರೆಯಲು ಕೂತೆ. ಬೆಳಿಗ್ಗೆ ತುಂಬಿಸಿದ ಟ್ಯಾಂಕಿನಲ್ಲಿ ಮುಕ್ಕಾಲು ನೀರು ಹಾಗೇ ಇತ್ತು ಎಂದು ನನಗೇನು ಗೊತ್ತು? ತುಂಬಿ ಮಹಡಿಯ ಮೇಲೆಲ್ಲ ಚೆಲ್ಲಿ, ಕೆಳಮನೆಯವರ ಬಟ್ಟೆಯ ಮೇಲೆ ಸುರಿದು, ಅವರು ಕೂಗಿಕೊಳ್ಳುವ ಮೊದಲೇ ಕೋಣೆಯೊಳಗಿನಿಂದ ರೇಡಿಯೋ ಕೂಗಿತು:

“ಅಪ್ಪಾ, ಮೋಟ್ರು!”